ಹೊಸ ಕಾರಿಗೆ ಯಾವ ವೇರಿಯಂಟ್? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತೊಗರಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಆಳಂದದಿಂದ ಒಬ್ಬರು, ಹುಮನಾಬಾದ್‌ನಿಂದ ಒಬ್ಬರು, ಶಹಾಪುರದಿಂದ ಹೆಂಡತಿ ಕಡೆಯ ಮಾವ. ಯಾವ ಕಾರು ಅಂತ ಯಾರೂ ಕೇಳುವುದಿಲ್ಲ, ಅದನ್ನು ಮನೆಯಲ್ಲೇ ಗಟ್ಟಿ ಮಾಡಿಕೊಂಡಿರುತ್ತಾರೆ. ಗೊಂದಲ ಇರುವುದು ಅದೇ ಕಾರಿನ ಎಂಟೋ ಹತ್ತೋ ವೇರಿಯಂಟ್‌ಗಳಲ್ಲಿ, ಅಂದರೆ ಬೆಲೆ, ಫೀಚರ್ ಬೇರೆ ಬೇರೆ ಇರುವ ಮಾದರಿಗಳಲ್ಲಿ. ನಾನು ಮೆಕ್ಯಾನಿಕ್ ಅಲ್ಲ, ಶೋರೂಂನವನೂ ಅಲ್ಲ. ಎರಡು ಕಾರು ಕೊಂಡು, ಎರಡರಲ್ಲೂ ಬೇರೆ ಬೇರೆ ತಪ್ಪು ಮಾಡಿ, ಆಮೇಲೆ ನೆಂಟರಿಗೆಲ್ಲಾ ಕೊಡಿಸುತ್ತಾ ಕಲಿತವನು. ಎಲ್ಲರಿಗೂ ಫೋನಿನಲ್ಲಿ ಅದೇ ಮಾತು ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಎಸ್‌ಎಕ್ಸ್, ಎಚ್‌ಟಿಕೆ ಅಂತೆಲ್ಲಾ ಹೆಸರಿಡುತ್ತಾರಲ್ಲ, ಇದಕ್ಕೆ ಅರ್ಥ ಇದೆಯಾ?

ಅರ್ಥ ಹುಡುಕಬೇಡಿ, ಮೆಟ್ಟಿಲು ನೋಡಿ. ಮಾರುತಿಯಲ್ಲಿ ಎಲ್‌ಎಕ್ಸ್‌ಐ ಕೆಳಗಿನದು, ಅದರ ಮೇಲೆ ವಿಎಕ್ಸ್‌ಐ, ಝಡ್‌ಎಕ್ಸ್‌ಐ. ಕಿಯಾದಲ್ಲಿ ಎಚ್‌ಟಿಇ, ಎಚ್‌ಟಿಕೆ, ಎಚ್‌ಟಿಎಕ್ಸ್. ಟಾಟಾದವರು ಸ್ಮಾರ್ಟ್, ಪ್ಯೂರ್, ಕ್ರಿಯೇಟಿವ್, ಫಿಯರ್‌ಲೆಸ್ ಅಂತ ಪದಗಳನ್ನೇ ಇಟ್ಟಿದ್ದಾರೆ. ಒಂದು ಕಂಪನಿಯ ಅಕ್ಷರ ಇನ್ನೊಂದಕ್ಕೆ ಹೊಂದುವುದಿಲ್ಲ. ಟೊಯೋಟಾದಲ್ಲಿ ವಿ ಅಂದರೆ ಮೇಲಿನದು, ಹೋಂಡಾ ಅಮೇಝ್‌ನಲ್ಲಿ ವಿ ಅಂದರೆ ಶುರುವಿನದು. ಹೆಸರಿನ ಪಕ್ಕ ಪ್ಲಸ್ ಅಥವಾ ಓ ಅಂತ ಇದ್ದರೆ ನಡುವೆ ಒಂದು ಅರ್ಧ ಮೆಟ್ಟಿಲು ಸೇರಿಸಿದ್ದಾರೆ ಅಂತ ತಿಳಿದುಕೊಳ್ಳಿ.

ಬ್ರೋಶರ್‌ನ ಕೊನೆ ಪುಟದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಮುಂದಿನ ಪುಟಗಳ ಫೋಟೋ ಎಲ್ಲಾ ಬಿಟ್ಟು ಅದೊಂದನ್ನು ಪ್ರಿಂಟ್ ತೆಗೆಸಿಕೊಳ್ಳಿ. ನಿಮ್ಮ ಬಜೆಟ್ ಹತ್ತಿರದ ಎರಡು ವೇರಿಯಂಟ್ ಇಟ್ಟುಕೊಂಡು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದನ್ನು ಮಾತ್ರ ಪೆನ್ನಿನಲ್ಲಿ ಗುರುತು ಮಾಡಿ. ಎಪ್ಪತ್ತು ಸಾವಿರ ಜಾಸ್ತಿ ಕೊಟ್ಟರೆ ಆರು ವಸ್ತು ಸಿಗುತ್ತವೆ ಅಂದುಕೊಳ್ಳಿ, ಅದರಲ್ಲಿ ನಾಲ್ಕು ನಿಮಗೆ ಬೇಡವಾದರೆ ಉಳಿದ ಎರಡಕ್ಕೇ ಎಪ್ಪತ್ತು ಸಾವಿರ ಕೊಟ್ಟ ಹಾಗೆ. ಆಗ ಬೇಕಾ ಬೇಡವಾ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸುತ್ತಿ ಬಳಸಿ ಬೇಡ, ಬೇಸ್ ತಗೊಳ್ಳಲಾ, ಟಾಪ್ ತಗೊಳ್ಳಲಾ?

ಬೇಸ್ ಅಂದರೆ ಎಲ್ಲಕ್ಕಿಂತ ಕೆಳಗಿನ ವೇರಿಯಂಟ್, ಟಾಪ್ ಅಂದರೆ ಎಲ್ಲಕ್ಕಿಂತ ಮೇಲಿನದು, ಮಿಡ್ ಅಂದರೆ ನಡುವಿನದು. ಬಹಳ ಜನರಿಗೆ ಬೇಸೂ ಅಲ್ಲ, ಟಾಪೂ ಅಲ್ಲ. ಹೊರಗೆ ಹಾಕಿಸಲು ಆಗದೇ ಇರುವುದಕ್ಕೆ ಕಂಪನಿಗೆ ದುಡ್ಡು ಕೊಡಿ. ಆಮೇಲೆ ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲೂ ಸಿಗುವಂಥದ್ದಕ್ಕೆ ಕೊಡಬೇಡಿ.

ಎಂಜಿನ್, ಗೇರ್‌ಬಾಕ್ಸ್, ಏರ್‌ಬ್ಯಾಗ್, ಗಾಡಿ ಜಾರದಂತೆ ಕಾಯುವ ಇಎಸ್‌ಸಿ, ಹಿಂದಿನ ಎಸಿ ವೆಂಟ್, ಹಿಂದಿನ ವೈಪರ್, ಎತ್ತರ ಇಳಿಸಿ ಏರಿಸುವ ಡ್ರೈವರ್ ಸೀಟು, ಸ್ಟೇರಿಂಗ್ ಹೊಂದಾಣಿಕೆ. ಇವು ಕಂಪನಿಯಿಂದ ಬಂದರೆ ಬಂದ ಹಾಗೆ, ಇಲ್ಲದಿದ್ದರೆ ಇಲ್ಲ. ಸೀಟ್ ಕವರ್, ಮ್ಯಾಟ್, ಸ್ಪೀಕರ್, ವೀಲ್ ಕ್ಯಾಪ್ ಇವೆಲ್ಲಾ ಯಾವಾಗ ಬೇಕಾದರೂ ಆಗುತ್ತದೆ. ಈ ಲೆಕ್ಕ ಹಿಡಿದು ನೋಡಿದರೆ ಹೆಚ್ಚಿನ ಕಾರುಗಳಲ್ಲಿ ಕೆಳಗಿನಿಂದ ಎರಡನೆಯದೋ ಮೂರನೆಯದೋ ವೇರಿಯಂಟ್ ಬಂದು ನಿಲ್ಲುತ್ತದೆ.

ಬೇಸ್ ತಗೊಂಡು ಎಲ್ಲಾ ಹೊರಗೆ ಹಾಕಿಸಿಕೊಂಡರೆ ಉಳಿತಾಯ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಕಾರು ಬೇಸ್ ಮಾಡಲ್. ಪವರ್ ವಿಂಡೋ, ಸೆಂಟ್ರಲ್ ಲಾಕ್, ದೊಡ್ಡ ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಜೋರು ಹಾರ್ನ್, ಎಲ್ಲಾ ಹೊರಗೆ. ಹಾಕಿದವನು ಒಳ್ಳೆಯ ಹುಡುಗ, ಚಹಾ ತರಿಸಿ ಕುಡಿಸಿದ, ಆದರೆ ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತಿದ್ದ. ಏಳೆಂಟು ತಿಂಗಳಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಇಳಿದಿರುತ್ತಿತ್ತು. ಸರ್ವೀಸ್ ಸೆಂಟರ್‌ನಲ್ಲಿ ಡ್ಯಾಶ್ ಬಿಚ್ಚಿ ಆ ಟೇಪ್ ನೋಡಿ, ಇದು ವಾರಂಟಿಯಲ್ಲಿ ಬರುವುದಿಲ್ಲ ಸರ್ ಅಂತ ಕೈ ಮುಗಿದರು. ಅವರದು ತಪ್ಪಿರಲಿಲ್ಲ. ಹೊರಗೆ ಖರ್ಚು ಮಾಡಿದ್ದು, ಮತ್ತೆ ಸರಿ ಮಾಡಿಸಿದ್ದು ಎಲ್ಲಾ ಕೂಡಿಸಿದರೆ ಮಿಡ್ ಮಾಡಲ್ ಬೆಲೆ ದಾಟಿತ್ತು.

ಬೇಸ್ ತಗೊಳ್ಳಲೇಬೇಡಿ ಅಂತ ಹೇಳುತ್ತಿಲ್ಲ. ಬೇಸ್ ಅನ್ನು ಬೇಸ್ ಥರಾನೇ ಓಡಿಸುವ ಧೈರ್ಯ ಇದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹೊರಗೆ ಏನಾದರೂ ಹಾಕಿಸಲೇಬೇಕು ಅಂದರೆ ವೈರ್ ಕತ್ತರಿಸದೆ ಕಪ್ಲರ್ ಹಾಕಿ ಜೋಡಿಸುವವರ ಹತ್ತಿರ ಹೋಗಿ, ಮತ್ತು ಅವರು ಕೆಲಸ ಮಾಡುವಾಗ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ.

ನಮ್ಮ ಬಿಸಿಲಿಗೆ ಯಾವ ಯಾವ ಫೀಚರ್ ಖರೆ ಖರೆ ಬೇಕು?

ಇದು ಈ ಪುಟದ ಮುಖ್ಯ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಯೂಟ್ಯೂಬ್ ವಿಡಿಯೋ ಮಾಡುವವರು ಬಹಳ ಮಂದಿ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕುಳಿತಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿಯಲ್ಲಿ ಎರಡು ಗಂಟೆ ಬಯಲಲ್ಲಿ ನಿಂತ ಗಾಡಿಯ ಬಾಗಿಲು ತೆಗೆದು ಒಳಗೆ ಕೂರುವುದು ಏನು ಅಂತ ನಮಗೆ ಗೊತ್ತಿದೆ.

ಮೊದಲನೆಯದು ಹಿಂದಿನ ಎಸಿ ವೆಂಟ್. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಬಿಡಲೇಬೇಡಿ. ಮುಂದೆ ಕೂತವರಿಗೆ ಚಳಿ, ಹಿಂದೆ ಕೂತ ಅಪ್ಪನ ಅಂಗಿ ಬೆನ್ನಿಗೆ ಅಂಟಿರುತ್ತದೆ. ನಮ್ಮ ಮೊದಲ ಕಾರಿನಲ್ಲಿ ಗಾಣಗಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪ ಒಂದೇ ಮಾತು ಹೇಳಿದ್ದರು, "ಮುಂದಿನ ಸಲ ನಾ ಬಸ್ಸಿನಾಗ ಬರ್ತೀನಿ." ಅಂದಿನಿಂದ ನಾನು ಬ್ರೋಶರ್‌ನಲ್ಲಿ ಮೊದಲು ನೋಡುವುದು ಇದನ್ನೇ. ಒಂದು ವಿಷಯ ಗಮನಿಸಿ, ಕೆಲವು ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಬರೀ ಫ್ಯಾನು, ಮುಂದಿನ ಗಾಳಿಯನ್ನೇ ಎಳೆದು ಹಿಂದಕ್ಕೆ ತಳ್ಳುತ್ತದೆ. ಏನೂ ಇಲ್ಲದ್ದಕ್ಕಿಂತ ಅದೂ ವಾಸಿ.

ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್‌ಗೆ ಅಂತ ಒಂದು ಮೆಟ್ಟಿಲು ಹತ್ತಬೇಡಿ. ಸಾಮಾನ್ಯವಾಗಿ ಒಂದೇ ಎಂಜಿನ್ ಇರುವ ಎರಡು ವೇರಿಯಂಟ್‌ಗಳಲ್ಲಿ ಕಂಪ್ರೆಸರ್ ಅದೇ ಇರುತ್ತದೆ. ಬದಲಾಗುವುದು ಗುಂಡಿ, ಮತ್ತು ನೀವು ಇಟ್ಟ ಡಿಗ್ರಿಯನ್ನು ಅದು ತಾನೇ ಕಾಯ್ದುಕೊಳ್ಳುವುದು ಅಷ್ಟೇ. ತಂಪು ಜಾಸ್ತಿ ಆಗುವುದಿಲ್ಲ.

ವೆಂಟಿಲೇಟೆಡ್ ಸೀಟು, ಅಂದರೆ ಸೀಟಿನ ತೂತಿನಿಂದ ಗಾಳಿ ಆಡಿಸುವುದು, ನಾಟಕ ಅಂತ ನಾನು ನಗುತ್ತಿದ್ದೆ. ಮೇ ತಿಂಗಳಲ್ಲಿ ಗೆಳೆಯನ ಗಾಡಿಯಲ್ಲಿ ಹೈದರಾಬಾದ್‌ವರೆಗೆ ಹೋದ ಮೇಲೆ ನಗು ನಿಂತಿತು. ಆದರೆ ಅದು ಬರುವುದು ಮೇಲಿನ ವೇರಿಯಂಟ್‌ಗಳಲ್ಲಿ, ಅದೂ ಹೆಚ್ಚಾಗಿ ಮುಂದಿನ ಎರಡು ಸೀಟಿಗೆ ಮಾತ್ರ. ನೀವೇ ದಿನಾ ಓಡಿಸುವವರಾದರೆ ಯೋಚನೆ ಮಾಡಿ. ಅದಿಲ್ಲದ ಬರೀ ಕಪ್ಪು ಲೆದರೆಟ್ ಸೀಟಿಗಿಂತ ಬಟ್ಟೆ ಸೀಟೇ ಇಲ್ಲಿ ಸುಖ.

ಇನ್ನು ಧೂಳು. ಸೇಡಂ, ವಾಡಿ, ಮಳಖೇಡ ಕಡೆ ಸಿಮೆಂಟ್ ಧೂಳು, ಬೀದರ್ ಕಡೆ ಕೆಂಪು ಮಣ್ಣು, ಉಳಿದ ಕಡೆ ಎರೆ. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಯ ಹಿಂದಿನ ಗಾಜಿನ ಮೇಲೆ ಹತ್ತು ಕಿಲೋಮೀಟರ್‌ಗೆ ಒಂದು ಪದರ ಕೂರುತ್ತದೆ. ಹಿಂದಿನ ವೈಪರ್ ಮತ್ತು ನೀರು ಚಿಮ್ಮಿಸುವುದು ಇರಲಿ. ಎಸ್‌ಯುವಿಯಲ್ಲಿ ಇದಕ್ಕಾಗಿ ಒಂದು ಮೆಟ್ಟಿಲು ಹತ್ತಿದರೂ ನನ್ನ ತಕರಾರಿಲ್ಲ. ಏರ್ ಪ್ಯೂರಿಫೈಯರ್ ಅಂತ ದುಡ್ಡು ಸುರಿಯುವ ಬದಲು ಎಸಿಯ ಕ್ಯಾಬಿನ್ ಫಿಲ್ಟರ್ ಅನ್ನು ಹೇಳಿದ್ದಕ್ಕಿಂತ ಬೇಗ ಬದಲಿಸಿ.

ವೈರ್‌ಲೆಸ್ ಚಾರ್ಜರ್ ಬೇಸಿಗೆಯಲ್ಲಿ ಫೋನನ್ನು ರೊಟ್ಟಿ ಹಂಚಿನ ಮೇಲಿಟ್ಟ ಹಾಗೆ ಮಾಡುತ್ತದೆ. ವೈರ್ ಇಟ್ಟುಕೊಳ್ಳಿ.

ಟೆಸ್ಟ್ ಡ್ರೈವ್ ಯಾವಾಗ, ಹೇಗೆ ಮಾಡಬೇಕು?

ಮಧ್ಯಾಹ್ನ ಎರಡರಿಂದ ಮೂರರ ಒಳಗೆ. ಬೆಳಿಗ್ಗೆ ಹತ್ತಕ್ಕೆ ನೆರಳಿನಿಂದ ತೆಗೆದ ಗಾಡಿಯಲ್ಲಿ ಎಲ್ಲಾ ಎಸಿಯೂ ಚೆನ್ನಾಗಿಯೇ ಇರುತ್ತದೆ. ಮನೆಯವರನ್ನೆಲ್ಲಾ ಕರೆದುಕೊಂಡು ಹೋಗಿ, ನೀವು ಸ್ವಲ್ಪ ಹೊತ್ತು ಹಿಂದೆ ಕುಳಿತುಕೊಳ್ಳಿ. ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿಸಿ ಕಳಿಸಿಬಿಡುತ್ತಾರೆ, ಅದು ಸಾಲದು. ಹಂಪ್ ಇರುವ, ಕೆಟ್ಟಿರುವ ರಸ್ತೆಯಲ್ಲಿ ಓಡಿಸಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಶೋರೂಂನಲ್ಲಿ ಓಡಿಸಲು ಕೊಡುವ ಗಾಡಿ ಸಾಮಾನ್ಯವಾಗಿ ಟಾಪ್ ಮಾಡಲ್ ಆಗಿರುತ್ತದೆ. ಅದರಲ್ಲಿ ಕೂತು ಸ್ಟೇರಿಂಗ್ ಚರ್ಮ ಸವರಿ, ಆಮೇಲೆ ಮಿಡ್ ಬುಕ್ ಮಾಡಿ, ಡೆಲಿವರಿ ದಿನ ಮುಖ ಸಣ್ಣ ಮಾಡಿಕೊಂಡವರು ನನಗೆ ಗೊತ್ತು. ನೀವು ಕೊಳ್ಳುವ ವೇರಿಯಂಟ್‌ನ ಗಾಡಿ ಅವರ ಯಾರ್ಡ್‌ನಲ್ಲಿದ್ದರೆ ಬರೀ ಒಳಗೆ ಕೂತು ನೋಡಲಾದರೂ ಕೇಳಿ.

ಸನ್‌ರೂಫ್ ಬೇಕಾ?

ಮಕ್ಕಳಿಗೆ ಬೇಕು. ನಿಮಗೆ ಬೇಡ. ನಮ್ಮ ಎರಡನೇ ಕಾರು ಟಾಪ್ ಮಾಡಲ್, ಅದರಲ್ಲಿ ಸನ್‌ರೂಫ್ ಇತ್ತು. ನಾಲ್ಕು ವರ್ಷದಲ್ಲಿ ಮೂರು ಸಲ ತೆಗೆದಿದ್ದೇವೆ. ಡೆಲಿವರಿ ದಿನ ಒಮ್ಮೆ, ಬಸವಕಲ್ಯಾಣಕ್ಕೆ ಹೋದಾಗ ಮಳೆ ನಿಂತ ಮೇಲೆ ಒಮ್ಮೆ, ಒಂದು ಮದುವೆ ಮೆರವಣಿಗೆಯಲ್ಲಿ ಒಮ್ಮೆ. ಮೂರನೆಯ ಸಲ ತೆಗೆದದ್ದು ತಪ್ಪು, ಓಡುವ ಗಾಡಿಯಿಂದ ಮಕ್ಕಳನ್ನು ತಲೆ ಹೊರಗೆ ಹಾಕಿಸುವುದು ಅಪಾಯ. ಉಳಿದ ದಿನ ಗಾಜಿನ ಮೂಲಕ ಬಿಸಿಲು ತಲೆ ಮೇಲೆ. ಒಳಗಿನ ಪರದೆ ತೆಳ್ಳಗಿದ್ದರಂತೂ ಮುಗಿಯಿತು. ಧೂಳು ಅದರ ಅಂಚಿನ ಕಾಲುವೆಯಲ್ಲಿ ತುಂಬಿಕೊಂಡರೆ ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ, ವರ್ಷಕ್ಕೊಮ್ಮೆಯಾದರೂ ಅದನ್ನು ಒರೆಸಿ ತೆಗೆಯಬೇಕು.

ಏರ್‌ಬ್ಯಾಗ್ ಎಷ್ಟಿರಬೇಕು? ಬೇಸ್‌ನಲ್ಲಿ ಸೇಫ್ಟಿ ಕಡಿಮೆಯಾ?

ಮೊದಲು ಕಡಿಮೆ ಇತ್ತು, ಈಗ ಹೆಚ್ಚು ವ್ಯತ್ಯಾಸವಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಾರುಗಳಿಗೆ 2019ರಿಂದ ಕಡ್ಡಾಯ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಿಂದ, ಪಕ್ಕದವರ ಏರ್‌ಬ್ಯಾಗ್ ಎಲ್ಲಾ ಕಾರುಗಳಿಗೆ 2022ರ ಜನವರಿಯಿಂದ. ಆರು ಏರ್‌ಬ್ಯಾಗ್ ಅನ್ನು 2023ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡುವ ಮಾತಿತ್ತು, ಕೊನೆಗೆ ಸರ್ಕಾರ ಅದನ್ನು ಕೈಬಿಟ್ಟಿತು. ಆದರೂ ಅಷ್ಟರಲ್ಲಿ ಬಹಳ ಕಂಪನಿಗಳು ಬೇಸ್‌ನಿಂದಲೇ ಆರು ಕೊಡಲು ಶುರು ಮಾಡಿದ್ದವು. ನೀವು ನೋಡುತ್ತಿರುವ ಕಾರಿನಲ್ಲಿ ಬೇಸ್‌ಗೆ ಎರಡು, ಟಾಪ್‌ಗೆ ಆರು ಅಂತ ಇದ್ದರೆ ಒಂದೋ ಆರು ಇರುವ ವೇರಿಯಂಟ್‌ಗೆ ಹತ್ತಿ, ಇಲ್ಲವಾದರೆ ಬೇರೆ ಕಾರು ನೋಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಸ್ಟಾರ್ ವಿಷಯ. ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ, ಎರಡನ್ನೂ ಬೇರೆ ಬೇರೆ ನೋಡುತ್ತಾರೆ. ಎದುರಿನಿಂದ ಗುದ್ದುವ ಪರೀಕ್ಷೆ ಗಂಟೆಗೆ 64 ಕಿಲೋಮೀಟರ್‌ನಲ್ಲಿ. ಹುಮನಾಬಾದ್ ರೋಡಿನಲ್ಲಿ ನಾವು ಎಷ್ಟರಲ್ಲಿ ಹೋಗುತ್ತೇವೆ ಅಂತ ಲೆಕ್ಕ ಹಾಕಿಕೊಳ್ಳಿ. ಐದು ಸ್ಟಾರ್ ಇದೆ ಅಂತ ನೂರಾ ಮೂವತ್ತರಲ್ಲಿ ಹೋದರೆ ಆ ಸ್ಟಾರ್ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದನ್ನು ಯಾರೂ ನೋಡುವುದಿಲ್ಲ. ಹಿಂದಿನ ಸೀಟಿನ ನಡುವೆ ಕೂರುವವರಿಗೆ ಮೂರು ಕಡೆ ಹಿಡಿಯುವ ಬೆಲ್ಟ್ ಇದೆಯಾ, ತಲೆಗೆ ಆಸರೆ ಇದೆಯಾ? ನಮ್ಮ ಕಡೆ ಹಿಂದೆ ಮೂವರು ಕೂರುವುದು ಖಚಿತ, ತೊಡೆ ಮೇಲೆ ಒಂದು ಮಗು ಬೇರೆ. ಆ ಮಗುವಿಗೆ ಬೇಬಿ ಸೀಟ್ ಕೊಳ್ಳಿ, ಸನ್‌ರೂಫ್ ದುಡ್ಡಿನಲ್ಲಿ ಎರಡು ಬರುತ್ತವೆ.

ಹತ್ತು ಲಕ್ಷದ ಗೆರೆ ಅಂತಾರಲ್ಲ, ಅದೇನು?

ಇದನ್ನು ತಿಳಿಯದೆ ದುಡ್ಡು ಕಳೆದುಕೊಳ್ಳುವವರೇ ಜಾಸ್ತಿ. ಕರ್ನಾಟಕದಲ್ಲಿ ಕಾರಿನ ಲೈಫ್ ಟ್ಯಾಕ್ಸ್ ಬೆಲೆಯ ಮೇಲೆ ಏರುತ್ತಾ ಹೋಗುತ್ತದೆ. 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ಟ್ಯಾಕ್ಸ್ ಮೇಲೆ ಸೆಸ್ ಬೇರೆ. ಗೆರೆ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ ಹೊಸ ದರ.

ಒಂದು ವೇರಿಯಂಟ್ 9 ಲಕ್ಷ 95 ಸಾವಿರ, ಮೇಲಿನದು 10 ಲಕ್ಷ 5 ಸಾವಿರ ಅಂದುಕೊಳ್ಳಿ. ಶೋರೂಂನವರು "ಬರೀ ಹತ್ತು ಸಾವಿರ ಸರ್, ಮೇಲಿನದೇ ತಗೋರಿ" ಅನ್ನುತ್ತಾರೆ. ಕೆಳಗಿನದಕ್ಕೆ ಟ್ಯಾಕ್ಸ್ 1,39,300. ಮೇಲಿನದಕ್ಕೆ 1,70,850. ಟ್ಯಾಕ್ಸ್‌ನಲ್ಲೇ 31,550 ರೂಪಾಯಿ ಫರಕು. ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಇನ್‌ಕಮ್ ಟ್ಯಾಕ್ಸ್, ಹಿಡಿಯುತ್ತಾರೆ, ಇಲ್ಲಿ 10,050. ಇದನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ಕೊಡುವ ದಿನ ಕೈಯಿಂದ ಹೋಗುವುದು ಹೋಗುತ್ತದೆ. ಹತ್ತು ಸಾವಿರದ ವೇರಿಯಂಟ್‌ಗೆ ಹೆಚ್ಚುಕಡಿಮೆ ಐವತ್ತು ಸಾವಿರ ಬಿತ್ತು. ಹಾಗಾಗಿ ಎಕ್ಸ್ ಶೋರೂಂ ಬೆಲೆ, ಅಂದರೆ ಬರೀ ಗಾಡಿಯ ಬೆಲೆ, ನೋಡಿ ಹೋಲಿಸಬೇಡಿ, ಎರಡೂ ವೇರಿಯಂಟ್‌ಗೆ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿದ ಆನ್ ರೋಡ್ ಕೊಟೇಶನ್ ಪಕ್ಕ ಪಕ್ಕ ಬರೆಸಿಕೊಳ್ಳಿ.

ಜಿಎಸ್‌ಟಿ ಇಳಿದ ಮೇಲೆ ಎಂಜಿನ್ ಆಯ್ಕೆಯಲ್ಲಿ ಏನಾದರೂ ಬದಲಾಯಿತಾ?

ಹೌದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ. 18, ಉಳಿದದ್ದಕ್ಕೆ ಶೇ. 40. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ ಇರಬೇಕು ಮತ್ತು ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟಬಾರದು. ಎರಡೂ ಷರತ್ತು ಸೇರಬೇಕು. ಗಾಡಿ ಗಿಡ್ಡವಾಗಿದ್ದರೂ ಒಳಗೆ 1.5 ಲೀಟರ್ ಪೆಟ್ರೋಲ್ ಎಂಜಿನ್ ಇದ್ದರೆ ಶೇ. 40ರ ಲೆಕ್ಕಕ್ಕೇ ಹೋಗುತ್ತದೆ. ಎಲೆಕ್ಟ್ರಿಕ್‌ಗೆ ಶೇ. 5.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ?

ನಿಮ್ಮ ಓಡಾಟ ಕಲಬುರಗಿ ಊರೊಳಗೆ, ಮನೆಯಿಂದ ಆಫೀಸ್, ಆಫೀಸಿನಿಂದ ಮಕ್ಕಳ ಶಾಲೆ ಅಂತ ಇದ್ದರೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್‌ಗಳಲ್ಲಿ ಡಿಪಿಎಫ್ ಅಂತ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಹೈವೇಯಲ್ಲಿ ಒಂದೇ ಸಮ ಓಡಿ ಬಿಸಿಯಾದಾಗ ಆ ಮಸಿ ಸುಟ್ಟು ಹೋಗುತ್ತದೆ. ದಿನಾ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ತುಂಬಿಕೊಂಡು ಲೈಟ್ ಉರಿಯುತ್ತದೆ. ತಿಂಗಳಿಗೆ ಎರಡು ಸಲ ಬೆಂಗಳೂರು, ವಾರಕ್ಕೊಮ್ಮೆ ಹೈದರಾಬಾದ್ ಅನ್ನುವವರು ಡೀಸೆಲ್ ನೋಡಿ, ಖುಷಿಯಿಂದ ಓಡುತ್ತದೆ.

ಸಿಎನ್‌ಜಿಗೆ ಎರಡು ಮಾತು. ನಿಮ್ಮ ಮನೆಯಿಂದ ಹತ್ತಿರದ ಬಂಕ್ ಎಷ್ಟು ದೂರ, ಸಂಜೆ ಹೊತ್ತು ಅಲ್ಲಿ ಸಾಲು ಎಷ್ಟು ಅಂತ ಒಮ್ಮೆ ಖುದ್ದು ಹೋಗಿ ನೋಡಿ ಬನ್ನಿ. ಡಿಕ್ಕಿಯಲ್ಲಿ ಸಿಲಿಂಡರ್ ಕೂತರೆ ಹೊಲದಿಂದ ಒಂದು ಚೀಲ ಜೋಳ ತರಲೂ ಜಾಗ ಇರುವುದಿಲ್ಲ. ಈಗ ಎರಡು ಸಣ್ಣ ಸಿಲಿಂಡರ್ ತಳದಲ್ಲಿಟ್ಟು ಜಾಗ ಉಳಿಸಿರುವ ಗಾಡಿಗಳೂ ಇವೆ, ಅಲ್ಲಿ ಸ್ಟೆಪ್ನಿ ಎಲ್ಲಿ ಹೋಯಿತು ಅಂತ ಕೇಳಿ.

ಆಟೋಮ್ಯಾಟಿಕ್‌ಗೆ ಜಾಸ್ತಿ ಕೊಡಬಹುದಾ?

ಯಾವ ಆಟೋಮ್ಯಾಟಿಕ್ ಅನ್ನುವುದರ ಮೇಲೆ ಹೋಗುತ್ತದೆ. ಮ್ಯಾನುವಲ್ ಗೇರ್‌ಬಾಕ್ಸನ್ನೇ ಯಂತ್ರದಿಂದ ಬದಲಿಸುವ ಎಎಂಟಿ ಕಡಿಮೆ ಬೆಲೆ, ಊರೊಳಗೆ ಆರಾಮ, ಆದರೆ ಎರಡೇ ಲೇನ್ ಇರುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದಿಕ್ಕುವಾಗ ಒಂದು ಕ್ಷಣ ಯೋಚನೆ ಮಾಡುತ್ತದೆ. ಆ ಒಂದು ಕ್ಷಣ ಎದುರಿನ ಲಾರಿ ಯೋಚನೆ ಮಾಡುವುದಿಲ್ಲ. ಅದರ ನಡತೆ ತಿಳಿದುಕೊಂಡು ಓಡಿಸಬೇಕು. ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿ ಅನ್ನುವ ಬೇರೆ ಎರಡು ಬಗೆಯ ಆಟೋಮ್ಯಾಟಿಕ್‌ಗಳು ನೆಮ್ಮದಿ, ಮೈಲೇಜ್ ಮತ್ತು ಬೆಲೆಯಲ್ಲಿ ಸ್ವಲ್ಪ ಹೊಡೆತ. ಎರಡು ಕ್ಲಚ್ ಇರುವ ಡಿಸಿಟಿ ಓಡಿಸಲು ಬಹಳ ಚಂದ. ಆದರೆ ಕುಂಟುತ್ತಾ ಸಾಗುವ ಟ್ರಾಫಿಕ್‌ನಲ್ಲಿ ಕ್ಲಚ್ ಬಿಸಿಯಾಗುವ ಸ್ವಭಾವ ಅದರದ್ದು, ನಮ್ಮ ಬೇಸಿಗೆಗೆ ನಾನು ಅಷ್ಟು ಧೈರ್ಯ ಮಾಡುವುದಿಲ್ಲ.

ಅಲಾಯ್ ವೀಲ್?

ನೋಡಲು ಚಂದ. ಗುಂಡಿಗೆ ಬಿದ್ದರೆ ಕಬ್ಬಿಣದ ರಿಮ್ ಸೊಟ್ಟ ಆಗುತ್ತದೆ, ಬಡಿದು ನೆಟ್ಟಗೆ ಮಾಡುತ್ತಾರೆ. ಅಲಾಯ್ ಬಿರುಕು ಬಿಟ್ಟರೆ ಹೊಸದೇ ಗತಿ. ಅದಕ್ಕಿಂತ ಮುಖ್ಯ ಟೈರ್ ಅಳತೆ. ಟಾಪ್ ಮಾಡಲ್‌ನಲ್ಲಿ 17, 18 ಇಂಚಿನ ದೊಡ್ಡ ಚಕ್ರಕ್ಕೆ ತೆಳು ಟೈರ್ ಹಾಕಿರುತ್ತಾರೆ. ಅದೇ ಕಾರಿನ ಮಿಡ್‌ನಲ್ಲಿ 16 ಇಂಚಿಗೆ ದಪ್ಪ ಟೈರ್. ನಮ್ಮ ರಸ್ತೆಗೆ ದಪ್ಪದ್ದೇ ಸೊಂಟಕ್ಕೆ ಹಿತ, ಬದಲಿಸುವಾಗ ಜೇಬಿಗೂ ಹಿತ.

ಅಡಾಸ್ ಇರುವ ಟಾಪ್ ಮಾಡಲ್ ತಗೊಂಡರೆ ಗಾಡಿ ತಾನೇ ಬ್ರೇಕ್ ಹಾಕುತ್ತದಂತೆ?

ಕೆಲವು ಸಲ ಹಾಕುತ್ತದೆ, ಕೆಲವು ಸಲ ಬೇಡದ ಕಡೆ ಹಾಕುತ್ತದೆ. ಅಡಾಸ್ ಅಂದರೆ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ, ಅದು ಕ್ಯಾಮೆರಾ ಮತ್ತು ರೇಡಾರ್ ನಂಬಿ ನಡೆಯುತ್ತದೆ. ಲೇನ್ ಹಿಡಿದು ಹೋಗಲು ರಸ್ತೆಯಲ್ಲಿ ಬಿಳಿ ಗೆರೆ ಇರಬೇಕು. ಹೈದರಾಬಾದ್ ಹೈವೇಯಲ್ಲಿ ಕೆಲಸ ಮಾಡುತ್ತದೆ, ಊರ ದಾರಿಗೆ ಇಳಿದರೆ ಎಮ್ಮೆ, ಬಂಡಿ, ತಪ್ಪು ದಿಕ್ಕಿನಲ್ಲಿ ಬರುವ ಬೈಕು ನೋಡಿ ಅದಕ್ಕೇ ಗಾಬರಿ. ಮುಂದಿನ ಗಾಜು ಒಡೆದರೆ ಬರೀ ಗಾಜಿನ ಖರ್ಚಲ್ಲ, ಕ್ಯಾಮೆರಾ ಮತ್ತೆ ಹೊಂದಿಸಬೇಕು.

ಅದೇ ದುಡ್ಡಲ್ಲಿ ನಾನು ಒಳ್ಳೆಯ ಹೆಡ್‌ಲೈಟ್ ಇರುವ ವೇರಿಯಂಟ್ ನೋಡುತ್ತೇನೆ. ಕಬ್ಬಿನ ಸೀಸನ್‌ನಲ್ಲಿ ಅಫಜಲಪುರ ಕಡೆಯಿಂದ ರಾತ್ರಿ ಬಂದವರಿಗೆ ಗೊತ್ತು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಎರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರ್ ಕತ್ತಲಲ್ಲಿ ಹೇಗೆ ದಿಢೀರ್ ಎದುರಾಗುತ್ತದೆ ಅಂತ. ಬೇಸ್‌ನಲ್ಲಿ ಹ್ಯಾಲೊಜೆನ್, ಮಿಡ್‌ನಿಂದ ಎಲ್‌ಇಡಿ ಅಂತ ಬಹಳ ಕಾರುಗಳಲ್ಲಿದೆ. ಸಾಧ್ಯವಾದರೆ ಕತ್ತಲಾದ ಮೇಲೆ ಒಮ್ಮೆ ಹಚ್ಚಿ ನೋಡಿ.

ಬಣ್ಣ?

ಬಿಳಿ. ಡ್ಯುಯಲ್ ಟೋನ್ ಅಂತ ಮೇಲೆ ಕಪ್ಪು ಬಳಿದಿದ್ದಕ್ಕೆ ಹೆಚ್ಚು ದುಡ್ಡು ಕೇಳುತ್ತಾರೆ, ಕಲಬುರಗಿಯಲ್ಲಿ ಚಾವಣಿಗೆ ಕಪ್ಪು ಬಳಿಯುವವರು ಬೇರೆ ಯಾರೂ ಇಲ್ಲ.

ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಬಹುದಾ?

ಕಡು ಕಪ್ಪು ಬೇಡ, ದಂಡ ಬೀಳುತ್ತದೆ. ಮುಂದಿನ ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಒಳಗೆ ಬರಲೇಬೇಕು ಅನ್ನುವುದು ನಿಯಮ. ಮುಂದೆ ಕಬ್ಬಿಣದ ಬುಲ್ ಬಾರ್ ಕೂಡ ಹಾಕಿಸಬೇಡಿ, ಅದೂ ನಿಯಮಕ್ಕೆ ವಿರುದ್ಧ.

ಶೋರೂಂನವರು ಆಕ್ಸೆಸರಿ ಪ್ಯಾಕೇಜ್, ಇನ್ಶೂರೆನ್ಸ್ ಎಲ್ಲಾ ಸೇರಿಸಿಯೇ ಕೊಟೇಶನ್ ಕೊಟ್ಟಿದ್ದಾರೆ. ಬೇಡ ಅನ್ನಬಹುದಾ?

ಧಾರಾಳವಾಗಿ ಅನ್ನಬಹುದು. ಆಕ್ಸೆಸರಿ ಕಡ್ಡಾಯವಲ್ಲ. ಇನ್ಶೂರೆನ್ಸ್ ಬೇಕೇ ಬೇಕು, ಆದರೆ ಅವರ ಹತ್ತಿರವೇ ಮಾಡಿಸಬೇಕು ಅಂತಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಕೊಡುವ ಇನ್ಶೂರೆನ್ಸ್, 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ನಿಮ್ಮ ಗಾಡಿಯ ನಷ್ಟದ ಭಾಗ ಒಂದು ವರ್ಷಕ್ಕೆ ಸಾಕು. ಹೊರಗೆ ಎರಡು ಕಡೆ ರೇಟ್ ಕೇಳಿ ಆ ಕಾಗದ ಅವರ ಮುಂದಿಡಿ, ಎಷ್ಟೋ ಸಲ ಅವರೇ ಇಳಿಸುತ್ತಾರೆ. ಝೀರೋ ಡೆಪ್, ಅಂದರೆ ಕ್ಲೇಮ್‌ನಲ್ಲಿ ಬಿಡಿಭಾಗದ ಸವಕಳಿ ಕಡಿತ ಮಾಡದ ಇನ್ಶೂರೆನ್ಸ್, ಮಾತ್ರ ಮೊದಲ ಕೆಲವು ವರ್ಷ ಬಿಡಬೇಡಿ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಕಂಡರೆ ಯಾಕೆ ಅಂತ ಕೇಳಿ, ಅಷ್ಟಕ್ಕೇ ಅದು ಮಾಯವಾಗುವುದನ್ನು ನಾನು ಕಂಡಿದ್ದೇನೆ.

ಅಡಿ ಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಅಂತ ಹೇಳುತ್ತಾರೆ. ನಮ್ಮಲ್ಲಿ ಸಮುದ್ರ ಇಲ್ಲ, ಉಪ್ಪು ಗಾಳಿ ಇಲ್ಲ. ಬಿಡಿ. ಮ್ಯಾಟ್ ಮಾತ್ರ ಅಂಚು ಎತ್ತರ ಇರುವ ರಬ್ಬರಿನದೇ ತಗೊಳ್ಳಿ. ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದ ಚಪ್ಪಲಿಯ ಎರೆ ಮಣ್ಣು ಕಾರ್ಪೆಟ್ ಮ್ಯಾಟ್‌ಗೆ ಹತ್ತಿದರೆ ಜನ್ಮದಲ್ಲಿ ಹೋಗುವುದಿಲ್ಲ.

ಹೈದರಾಬಾದ್‌ನಲ್ಲೋ ಸೊಲ್ಲಾಪುರದಲ್ಲೋ ಬೇಕಾದ ವೇರಿಯಂಟ್ ಇದೆ, ಡಿಸ್ಕೌಂಟೂ ಜಾಸ್ತಿ. ಅಲ್ಲಿ ತಗೊಳ್ಳಲಾ?

ತಗೊಳ್ಳಬಹುದು. ಅಲ್ಲಿ ತಾತ್ಕಾಲಿಕ ನಂಬರ್ ಮಾಡಿಸಿಕೊಂಡು ಬಂದು, ಇಲ್ಲಿ ಟ್ಯಾಕ್ಸ್ ಕಟ್ಟಿ ಕಲಬುರಗಿಯವರು ಕೆಎ 32, ಬೀದರ್‌ನವರು ಕೆಎ 38, ಯಾದಗಿರಿಯವರು ಕೆಎ 33 ಹಾಕಿಸಿಕೊಳ್ಳಿ. ಟ್ಯಾಕ್ಸ್ ಉಳಿಸಲು ಅಲ್ಲಿನ ನೆಂಟರ ವಿಳಾಸದಲ್ಲಿ ನಂಬರ್ ಮಾಡಿಸುವ ಐಡಿಯಾ ಬೇಡ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟರೆ ಇಲ್ಲಿನ ನಂಬರ್ ಮಾಡಿಸಲೇಬೇಕು ಅಂತ ಕಾಯ್ದೆ ಇದೆ, ಆಗ ಓಡಾಟ ಡಬಲ್.

ಯಾವಾಗ ಕೊಂಡರೆ ಲಾಭ?

ನಮ್ಮ ಕಡೆ ದೀಪಾವಳಿಗೆ, ಯುಗಾದಿಗೆ, ತೊಗರಿ ದುಡ್ಡು ಬಂದಾಗ ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಆಗ ಯಾರ ಮಾತೂ ನಡೆಯುವುದಿಲ್ಲ. ಆಷಾಢ ಮತ್ತು ಧನುರ್ಮಾಸದಲ್ಲಿ ಶೋರೂಂ ಖಾಲಿ, ಸೇಲ್ಸ್‌ನವರು ಕುರ್ಚಿ ಒರೆಸಿ ಕೂರಿಸುತ್ತಾರೆ. ಆಗ ಮಾತು ಮುಗಿಸಿ ಬುಕ್ ಮಾಡಿ, ಡೆಲಿವರಿ ಒಳ್ಳೆಯ ದಿನ ನೋಡಿ ತಗೊಂಡು ಶರಣಬಸವೇಶ್ವರ ಗುಡಿ ಮುಂದೆ ಪೂಜೆ ಮಾಡಿಸಿ, ಯಾರೂ ಬೇಡ ಅನ್ನುವುದಿಲ್ಲ. ಡಿಸೆಂಬರ್‌ನಲ್ಲಿ ಡಿಸ್ಕೌಂಟ್ ಜಾಸ್ತಿ ಇರುತ್ತದೆ, ಆದರೆ ಹತ್ತು ದಿನದಲ್ಲಿ ಆ ಗಾಡಿ ಹೋದ ವರ್ಷದ್ದಾಗುತ್ತದೆ. ಮಾರುವ ಯೋಚನೆ ಇಲ್ಲದೆ ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಡಿಸೆಂಬರ್ ಒಳ್ಳೆಯದು.

ಡೆಲಿವರಿಗೆ ಮುಂಚೆ ಏನು ನೋಡಬೇಕು?

ರಿಜಿಸ್ಟ್ರೇಶನ್‌ಗೆ ಮುಂಚೆಯೇ ನೋಡಬೇಕು, ಹಾರ ಹಾಕಿದ ಮೇಲಲ್ಲ. ಹಗಲಿನಲ್ಲಿ ಯಾರ್ಡ್‌ಗೆ ಹೋಗಿ. ಬ್ರೋಶರ್ ಪಟ್ಟಿಯಲ್ಲಿ ಗುರುತು ಮಾಡಿದ್ದು ಕೈಯಲ್ಲಿರಲಿ, ಒಂದೊಂದೇ ಒತ್ತಿ ನೋಡಿ. ಫಾರ್ಮ್ 22ರಲ್ಲಿ ತಯಾರಾದ ತಿಂಗಳು ಇರುತ್ತದೆ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತವೆ, 1225 ಅಂದರೆ 2025ರ 12ನೇ ವಾರ. ಐದೂ ಟೈರ್ ನೋಡಿ, ಸ್ಟೆಪ್ನಿಯೂ ಸೇರಿ. ಸ್ಟೆಪ್ನಿಯೇ ಇಲ್ಲದೆ ಪಂಕ್ಚರ್ ಕಿಟ್ ಕೊಡುವ ಗಾಡಿಗಳಿವೆ, ಜೇವರ್ಗಿ ದಾಟಿದ ಮೇಲೆ ರಾತ್ರಿ ಹನ್ನೊಂದಕ್ಕೆ ಅದರ ಬೆಲೆ ಗೊತ್ತಾಗುತ್ತದೆ.

ಇಷ್ಟೆಲ್ಲಾ ಹೇಳುತ್ತೀರಲ್ಲ, ಈಗ ಕೊಂಡರೆ ನೀವು ಯಾವುದು ತಗೊಳ್ಳುತ್ತೀರಿ?

ಹೋದ ತಿಂಗಳು ಅಕ್ಕನಿಗೆ ಕೊಡಿಸಿದ್ದನ್ನೇ ಹೇಳುತ್ತೇನೆ. ಮಿಡ್ ಮಾಡಲ್, ಬಿಳಿ, ಪೆಟ್ರೋಲ್, ಮ್ಯಾನುವಲ್, ಆರು ಏರ್‌ಬ್ಯಾಗ್, ಹಿಂದೆ ಎಸಿ, ಹಿಂದೆ ವೈಪರ್, ಕಬ್ಬಿಣದ ರಿಮ್, ಬಟ್ಟೆ ಸೀಟು, ಹತ್ತು ಲಕ್ಷದ ಗೆರೆಯ ಒಳಗೆ. ಸೋದರಳಿಯ ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೇ ದಿನ ಫೋನ್ ಮಾಡಿ ಕೇಳಿದ, "ಮಾಮಾ, ಸನ್‌ರೂಫ್ ಹೊರಗ ಹಾಕ್ತಾರಂತಲ್ಲ, ಖರೇನಾ?" ಹಾಕುವವರು ಇದ್ದಾರೆ, ಚಾವಣಿ ಕೊಯ್ದು ಹಾಕುತ್ತಾರೆ. ಅಕ್ಕನಿಗೆ ಫೋನ್ ಕೊಡು ಅಂದೆ.